ಹೊಸ ಮನೆಯ ಮಾಳಿಗೆಗೆ ಶಾಖ ತಡೆ: ದುರ್ಗದ ಬಿಸಿಲಿಗೆ ನೀವೇ ಮಾಡಿಕೊಳ್ಳಬಹುದಾದ ಇನ್ಸುಲೇಷನ್

ಏಪ್ರಿಲ್ ಕೊನೆಯ ದಿನಗಳಲ್ಲಿ ಚಿತ್ರದುರ್ಗದ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ನಾವಿರುವುದು 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ, ಅದಕ್ಕೇ ಹೀಗೆ. ದಾವಣಗೆರೆಗೂ ಇದೇ ಲೆಕ್ಕ, ಒಂದೆರಡು ದಿನ ಆಚೀಚೆ ಅಷ್ಟೇ. ಆ ಹೊತ್ತಿನಲ್ಲಿ ಗೋಡೆಗೆ ಬಿಸಿಲು ತಾಗುವುದೇ ಕಡಿಮೆ. ಬೀಳುವುದೆಲ್ಲ ಮಾಳಿಗೆ ಮೇಲೆ. ಹೊಸ ಮನೆ ಕಟ್ಟುವಾಗ ಕಿಟಕಿಗೆ, ಟೈಲ್ಸಿಗೆ, ಅಡುಗೆಮನೆ ಕಪಾಟಿಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಇಷ್ಟೊಂದು ಬಿಸಿಲು ಹೊರುವ ಮಾಳಿಗೆಗೆ ಮಾತ್ರ ಒಂದು ಪದರ ಸಿಮೆಂಟ್ ಎಳೆದು ಮುಗಿಸಿಬಿಡುತ್ತೇವೆ.

ಕೋಟೆಗೆ ಹೋದವರಿಗೆ ಗೊತ್ತು. ಬೇಸಿಗೆಯ ಸಂಜೆ ಇಳಿದು ಬರುವಾಗ ಬಂಡೆಗೆ ಕೈ ಇಟ್ಟರೆ ಇನ್ನೂ ಬಿಸಿ ಇರುತ್ತದೆ. ಬಿಸಿಲು ಹೋದರೂ ಕಲ್ಲಿನೊಳಗಿನ ಕಾವು ಹೋಗಿರುವುದಿಲ್ಲ. 5 ಇಂಚಿನ ಆರ್‌ಸಿಸಿ ಮೋಲ್ಡ್ ಮಾಡುವುದೂ ಇದನ್ನೇ. ಹಗಲಿಡೀ ಕಾವು ಹೀರಿಕೊಂಡು, ಸಂಜೆಯಿಂದ ಮಧ್ಯರಾತ್ರಿಯವರೆಗೆ ಅದನ್ನು ಕೆಳಗೆ ಮಲಗಿದವರ ಮೇಲೆ ಬಿಡುತ್ತದೆ. ಹೊರಗೆ ತಣ್ಣನೆ ಗಾಳಿ ಬೀಸುತ್ತಿದ್ದರೂ ಒಳಗೆ ಫ್ಯಾನ್ ಬಿಸಿಗಾಳಿಯನ್ನೇ ಸುತ್ತಿಸುವುದು ಇದಕ್ಕೇ.

ನಮ್ಮ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ ಈ ಕಾಟ ಇಷ್ಟಿರಲಿಲ್ಲ. ತೊಲೆ, ಜಂತೆ, ಮೇಲೊಂದು ಕಡ್ಡಿಯ ಹಾಸು, ಅದರ ಮೇಲೆ ದಪ್ಪನೆ ಮಣ್ಣು. ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ಹರಡಿ ಸೋರದ ಹಾಗೆ ನೋಡಿಕೊಳ್ಳುತ್ತಿದ್ದರು. ಅಷ್ಟು ದಪ್ಪ ಮಣ್ಣನ್ನು ದಾಟಿ ಬರುವ ಹೊತ್ತಿಗೆ ಬಿಸಿಲಿನ ಕಾವು ಸೋತುಹೋಗುತ್ತಿತ್ತು. ಈಗ ಆ ಮಣ್ಣಿನ ಕೆಲಸವನ್ನು ಒಂದೆರಡು ಇಂಚಿನ ಬೋರ್ಡ್ ಮಾಡುತ್ತದೆ. ಅದನ್ನು ಹಾಕುವ ಕೆಲಸದಲ್ಲಿ ಮುಕ್ಕಾಲು ಪಾಲು ಮನೆಯವರೇ ಮಾಡಿಕೊಳ್ಳಬಹುದು. ಮನೆ ಹೊಸದಾಗಿದ್ದಾಗ, ಮಾಳಿಗೆಗೆ ಟೈಲ್ಸ್ ಕೂರಿಸುವ ಮುಂಚೆ ಮಾಡಿದರೆ ಖರ್ಚೂ ಕಡಿಮೆ, ಒಡೆಯುವ ರಗಳೆಯೂ ಇಲ್ಲ.

ಮೋಲ್ಡಿನ ಮೇಲೋ, ಕೆಳಗೋ?

ಬಹಳ ಜನ ಕೇಳುವ ಪ್ರಶ್ನೆ ಇದು. ನನ್ನ ಮಟ್ಟಿಗೆ ಉತ್ತರ ಖಚಿತ: ಹೊಸ ಮನೆಯಾದರೆ ಮೇಲೆಯೇ ಹಾಕಿ.

ಕೆಳಗೆ ಫಾಲ್ಸ್ ಸೀಲಿಂಗ್ ಮಾಡಿ ಅದರೊಳಗೆ ರಾಕ್ ವುಲ್‌ನಂಥ ಶಾಖ ತಡೆಯುವ ಉಣ್ಣೆ ತುಂಬಿದರೂ ಕೋಣೆಗೆ ಬರುವ ಶಾಖ ಕಡಿಮೆಯಾಗುತ್ತದೆ, ನಿಜ. ಆದರೆ ಮೋಲ್ಡ್ ಮಾತ್ರ ದಿನಾಲೂ ಬಿಸಿಲಲ್ಲಿ ಬೇಯುತ್ತಲೇ ಇರುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗಿ, ಮೋಲ್ಡು ಗೋಡೆ ಕೂಡುವ ಜಾಗದಲ್ಲಿ ಅಡ್ಡಡ್ಡ ಬಿರುಕು ಬಿಡುವುದನ್ನು ನೀವೂ ನೋಡಿರುತ್ತೀರಿ. ಬೋರ್ಡ್ ಮೇಲಿದ್ದರೆ ಮೋಲ್ಡಿಗೆ ಬಿಸಿಲೇ ತಾಗುವುದಿಲ್ಲ. ಅದರ ತೂಕ, ಅದರ ತಂಪು ಎರಡೂ ಮನೆಯ ಪಾಲಿಗೆ ಬರುತ್ತವೆ. ಕೋಣೆಯ ಎತ್ತರವೂ ಕಡಿಮೆಯಾಗುವುದಿಲ್ಲ.

ಮಾಳಿಗೆಗೆ ಆಗಲೇ ಟೈಲ್ಸ್ ಹಾಕಿದ್ದರೆ, ಅಥವಾ ಮುಂದಿನ ವರ್ಷವೇ ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಯೋಚನೆಯಿದ್ದರೆ ಒಳಗಿನ ದಾರಿ ಹಿಡಿಯಿರಿ. ತಗಡಿನ ಶೀಟ್ ಹೊದಿಸಿದ ಅಟ್ಟವಿದ್ದರೆ ಅದರ ಲೆಕ್ಕವೇ ಬೇರೆ. ಇವೆರಡನ್ನೂ ಮುಂದೆ ಹೇಳುತ್ತೇನೆ.

ಯಾವ ಸಾಮಾನು, ಎಷ್ಟು ದಪ್ಪ

ಮಾಳಿಗೆ ಮೇಲಕ್ಕೆ ಎಕ್ಸ್‌ಪಿಎಸ್ ಬೋರ್ಡ್ ತನ್ನಿ, ಅಂದರೆ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್. ನೋಡಲು ಗಟ್ಟಿ ಥರ್ಮೋಕೋಲ್ ಹಾಗೆ ಇರುತ್ತದೆ, ಸಾಮಾನ್ಯವಾಗಿ ತಿಳಿ ಬಣ್ಣದ್ದು. ಟಿವಿ ಡಬ್ಬಿಯಲ್ಲಿ ಬರುವ ಕಾಳುಕಾಳಾದ ಥರ್ಮೋಕೋಲ್ ಇಲ್ಲಿಗೆ ಬೇಡ. ಕಾಳುಗಳ ಸಂದಿಯಲ್ಲಿ ನೀರು ಸೇರುತ್ತದೆ, ಭಾರ ಬಿದ್ದರೆ ಕುಸಿಯುತ್ತದೆ. ಎಕ್ಸ್‌ಪಿಎಸ್‌ನ ಗುಳ್ಳೆಗಳು ಒಂದಕ್ಕೊಂದು ಮುಚ್ಚಿಕೊಂಡಿರುತ್ತವೆ, ನೀರು ಹೀರುವುದು ತೀರಾ ಕಡಿಮೆ. ಅಂಗಡಿಯಲ್ಲಿ ಒಂದು ತುಂಡು ಕೇಳಿ ಮುರಿದು ನೋಡಿ. ಮುರಿದ ಕಡೆ ಕಾಳು ಉದುರಿದರೆ ಅದು ಎಕ್ಸ್‌ಪಿಎಸ್ ಅಲ್ಲ.

ಕಾಂಕ್ರೀಟಿಗೆ ಹೋಲಿಸಿದರೆ ಈ ಬೋರ್ಡಿನೊಳಗೆ ಶಾಖ ಹರಿಯುವುದು ಸುಮಾರು 50 ಪಟ್ಟು ಕಡಿಮೆ. ಅಂದರೆ 1 ಇಂಚು ಬೋರ್ಡ್ ತಡೆಯುವಷ್ಟನ್ನು ಕಾಂಕ್ರೀಟಿನಿಂದ ತಡೆಯಬೇಕಾದರೆ 4 ಅಡಿಗೂ ಜಾಸ್ತಿ ದಪ್ಪ ಬೇಕು. ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಮನೆಗಳಿಗಾಗಿ ತಂದ ಇಕೋ ನಿವಾಸ್ ಸಂಹಿತಾ 2018ರಲ್ಲಿ ಛಾವಣಿಗೆ ಒಂದು ಮಿತಿ ಇದೆ. ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸವಿದ್ದಾಗ, ಪ್ರತಿ ಚದರ ಮೀಟರಿನಲ್ಲಿ 1.2 ವ್ಯಾಟ್‌ಗಿಂತ ಜಾಸ್ತಿ ಶಾಖ ದಾಟಬಾರದು. ಬರೀ 5 ಇಂಚಿನ ಮೋಲ್ಡಿನಲ್ಲಿ ಅದು ಸುಮಾರು 4 ವ್ಯಾಟ್ ಇರುತ್ತದೆ. ಮೇಲೆ 25 ಮಿಲಿಮೀಟರ್ ಎಕ್ಸ್‌ಪಿಎಸ್ ಹಾಕಿದರೆ 1ರ ಒಳಗೆ ಬರುತ್ತದೆ. 50 ಮಿಲಿಮೀಟರ್ ಹಾಕಿದರೆ ಅರ್ಧ ವ್ಯಾಟಿನ ಹತ್ತಿರ. ನಮ್ಮ ಬಿಸಿಲಿಗೆ ನಾನು ಹೇಳುವುದು 50. ಕೈ ಬಿಗಿ ಇದ್ದರೆ 40. ಕೂಲಿ, ಕಾಂಕ್ರೀಟ್ ಎಲ್ಲ ಹೇಗೂ ಅಷ್ಟೇ ಬೀಳುವುದರಿಂದ 25ಕ್ಕೆ ನಿಲ್ಲಿಸುವುದು ನಷ್ಟದ ಉಳಿತಾಯ.

ಬೋರ್ಡಿನ ಅಳತೆ ಸಾಮಾನ್ಯವಾಗಿ 1.25 ಮೀಟರ್ ಉದ್ದ, 0.6 ಮೀಟರ್ ಅಗಲ. ಒಂದು ಬೋರ್ಡ್ ಸುಮಾರು 8 ಚದರ ಅಡಿ ಮುಚ್ಚುತ್ತದೆ. 30×40 ಸೈಟಿನ ಮನೆಗೆ 900 ಚದರ ಅಡಿ ಮಾಳಿಗೆ ಇದೆ ಅಂದುಕೊಳ್ಳಿ. 113 ಬೋರ್ಡ್ ಬೇಕು, ಕತ್ತರಿಸಿ ಹಾಳಾಗುವುದಕ್ಕೆ ಇನ್ನೊಂದು 5, 6 ಸೇರಿಸಿ. ಅಂಚಿನಲ್ಲಿ ಅರ್ಧ ದಪ್ಪಕ್ಕೆ ಮೆಟ್ಟಿಲು ಕತ್ತರಿಸಿದ ಬೋರ್ಡ್ ಸಿಕ್ಕರೆ ಅದನ್ನೇ ತಗೊಳ್ಳಿ, ಒಂದರ ಮೇಲೊಂದು ಕೂತು ಸಂದಿ ಉಳಿಯುವುದಿಲ್ಲ. ತೂಕ ಏನೂ ಇಲ್ಲ, ಆದರೆ ಜಾಗ ತುಂಬಾ ತಿನ್ನುತ್ತದೆ. ಬೆಂಗಳೂರಿಂದಲೋ ಹುಬ್ಬಳ್ಳಿಯಿಂದಲೋ ತರಿಸಿದರೆ ಸಾಮಾನಿಗಿಂತ ಗಾಡಿ ಬಾಡಿಗೆಯೇ ಕಣ್ಣಿಗೆ ಹೊಡೆಯುತ್ತದೆ. ಅದೇ ಬಡಾವಣೆಯಲ್ಲಿ ಮನೆ ಕಟ್ಟುತ್ತಿರುವ ಇನ್ನೊಬ್ಬರ ಜೊತೆ ಸೇರಿ ಒಂದೇ ಲೋಡಿನಲ್ಲಿ ತರಿಸಿಕೊಳ್ಳಿ. ದರ ಕೇಳುವಾಗ ದಪ್ಪ, ಸಾಂದ್ರತೆ ಎರಡನ್ನೂ ಹೇಳಿಸಿಕೊಂಡೇ ಹೋಲಿಸಿ.

ತಂದ ಬೋರ್ಡನ್ನು ನೆರಳಲ್ಲಿಡಿ. ಬಿಸಿಲಲ್ಲಿ ಬಿಟ್ಟರೆ ಮೇಲ್ಮೈ ಪುಡಿಪುಡಿಯಾಗುತ್ತದೆ, ಬಾಗುತ್ತದೆ. ಪೆಟ್ರೋಲ್, ಥಿನ್ನರ್, ಥಿನ್ನರ್ ಬೆರೆತ ಅಂಟು ಇದನ್ನು ಕರಗಿಸಿಬಿಡುತ್ತವೆ. ಬೆಂಕಿಯಿಂದಂತೂ ದೂರ ಇರಲಿ. ಹತ್ತಿರ ಬೀಡಿ ಸಿಗರೇಟ್ ಸೇದಬೇಡಿ ಎಂದು ಕೆಲಸದವರಿಗೆ ಮೊದಲೇ ಹೇಳಿಬಿಡಿ.

ಬೋರ್ಡ್ ತರುವ ಮುಂಚೆ ನೋಡಿಕೊಳ್ಳಬೇಕಾದ್ದು

ಮೊದಲು ಟೇಪ್ ಹಿಡಿದು ಮೆಟ್ಟಿಲ ಕೋಣೆಯ ಬಾಗಿಲಿಗೆ ಹೋಗಿ. 50 ಮಿಲಿಮೀಟರ್ ಬೋರ್ಡ್, ಮೇಲೆ 2 ಇಂಚು ಕಾಂಕ್ರೀಟ್. ಒಟ್ಟು 4 ಇಂಚು ಮಾಳಿಗೆ ಮೇಲೇರುತ್ತದೆ. ಹೊಸ್ತಿಲು ಅದಕ್ಕಿಂತ ಕನಿಷ್ಠ 2, 3 ಇಂಚು ಎತ್ತರ ಉಳಿಯಬೇಕು. ಉಳಿಯದಿದ್ದರೆ ಮಳೆ ನೀರು ನೇರ ಮೆಟ್ಟಿಲಿಗೆ ಇಳಿಯುತ್ತದೆ. ಬಾಗಿಲು ಕೂರಿಸುವ ಮುಂಚೆಯೇ ಈ ಮಾತು ಮೇಸ್ತ್ರಿಗೆ ಹೋಗಬೇಕು. ಸುತ್ತಲಿನ ಪ್ಯಾರಾಪೆಟ್ ಗೋಡೆಯೂ 4 ಇಂಚು ತಗ್ಗಿದಂತಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಒಂದು ವರಸೆ ಇಟ್ಟಿಗೆ ಜಾಸ್ತಿ ಕಟ್ಟಿಸಿ.

ಎರಡನೆಯದು ಭಾರ. ಬೋರ್ಡಿನ ತೂಕ ಲೆಕ್ಕಕ್ಕಿಲ್ಲ. ಅದರ ಮೇಲಿನ 2 ಇಂಚು ಕಾಂಕ್ರೀಟ್ ಮಾತ್ರ ಚದರ ಮೀಟರಿಗೆ ಸುಮಾರು 120 ಕಿಲೋ ತೂಗುತ್ತದೆ. ಇಟ್ಟಿಗೆ ಚೂರು ಹಾಸಿ ಮಾಡುವ ಹಳೇ ಪದ್ಧತಿ ಇದಕ್ಕಿಂತ ಭಾರ. ಆದರೂ ನಿಮ್ಮ ಎಂಜಿನಿಯರಿಗೆ ಒಂದು ಮಾತು ಕೇಳಿಯೇ ಮುಂದುವರಿಯಿರಿ.

ನೀರಿನ ಟ್ಯಾಂಕ್, ಸೋಲಾರ್ ಹೀಟರ್, ಡಿಶ್ ಯಾವುದೇ ಇರಲಿ, ಅವುಗಳ ಕಾಲಿಗೆ ಮೋಲ್ಡಿನಿಂದಲೇ ಕಟ್ಟೆ ಎಬ್ಬಿಸಿ. ಎಲ್ಲ ಮುಗಿದ ಮೇಲೆ ಸೋಲಾರಿನವರು ಬಂದು ಡ್ರಿಲ್ ಇಟ್ಟರೆ ಬೋರ್ಡ್, ಅದರ ಕೆಳಗಿನ ವಾಟರ್‌ಪ್ರೂಫ್ ಎರಡೂ ತೂತು.

ಕಾಲದ ವಿಷಯ. ನಮ್ಮ ಜಿಲ್ಲೆಗೆ ಜೋರು ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದು ಕಳೆದ ಮೇಲೆ, ಡಿಸೆಂಬರಿನಿಂದ ಫೆಬ್ರುವರಿ ಒಳಗೆ ಈ ಕೆಲಸ ಮುಗಿಸಿದರೆ ಒಳ್ಳೆಯದು. ಮೋಲ್ಡ್ ಹಾಕಿ 28 ದಿನ ಕ್ಯೂರಿಂಗ್ ಆಗಿರಬೇಕು, ಆಮೇಲೆ ಚೆನ್ನಾಗಿ ಒಣಗಿರಬೇಕು.

ಮೊದಲ ಹಂತ: ನೀರು ನಿಲ್ಲಿಸಿ ನೋಡುವುದು

ಮಾಳಿಗೆಯನ್ನು ಗುಡಿಸಿ, ಅಂಟಿದ ಸಿಮೆಂಟ್ ಗಂಟುಗಳನ್ನು ಕೆತ್ತಿ ತೆಗೆಯಿರಿ. ನೀರು ಹೋಗುವ ಪೈಪುಗಳ ಬಾಯಿಗೆ ಗೋಣಿ ತುರುಕಿ, ಸುತ್ತ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ. ಆಮೇಲೆ 2 ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. 900 ಚದರ ಅಡಿಗೆ ಇದು 4,000 ಲೀಟರ್ ದಾಟುತ್ತದೆ. ಬೋರಿನ ನೀರು ಕಷ್ಟವಿರುವ ಬಡಾವಣೆಯಲ್ಲಿ ಮಾಳಿಗೆಯನ್ನು ಎರಡು ಭಾಗ ಮಾಡಿ, ಒಂದು ಕಡೆಯ ನೀರನ್ನೇ ಇನ್ನೊಂದು ಕಡೆಗೆ ಹಾಯಿಸಿಕೊಳ್ಳಿ. ಆಮೇಲೆ ಅದನ್ನೇ ಕಾಂಪೌಂಡ್ ಗೋಡೆಯ ಕ್ಯೂರಿಂಗಿಗೆ ಬಳಸಬಹುದು.

ಎರಡೂ ದಿನ ಕೆಳಗಿನ ಕೋಣೆಗಳಿಗೆ ಹೋಗಿ ತಲೆ ಎತ್ತಿ ನೋಡಿ. ಎಲ್ಲಿ ಒದ್ದೆ ಕಲೆ ಕಂಡರೂ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಲೈಟಿನ ಪೈಪ್ ಹೊರಬರುವ ಜಾಗ, ಮೋಲ್ಡು ಗೋಡೆ ಸೇರುವ ಜಾಗವನ್ನು ಹೆಚ್ಚು ಹೊತ್ತು ನೋಡಿ. ಈ ಹಂತವನ್ನು ಯಾರು ಎಷ್ಟೇ ಆತುರ ಮಾಡಿದರೂ ಬಿಡಬೇಡಿ. ಮೇಲೆ ಬೋರ್ಡು, ಕಾಂಕ್ರೀಟು ಬಿದ್ದ ಮೇಲೆ ಸೋರುವ ಜಾಗ ಹುಡುಕುವುದು ಬಹಳ ಕಷ್ಟ.

ನೀರು ಬಿಟ್ಟ ಮೇಲೆ ಅದು ಹರಿದು ಹೋಗುವುದನ್ನೂ ಗಮನಿಸಿ. ಪ್ರತಿ 10 ಅಡಿಗೆ ಒಂದೂಕಾಲು ಇಂಚಿನಷ್ಟು ಇಳಿಜಾರು ಪೈಪಿನ ಕಡೆಗೆ ಇರಬೇಕು. ಎಲ್ಲಿ ನೀರು ಮಡುಗಟ್ಟುತ್ತದೋ ಅಲ್ಲಿ ಸಿಮೆಂಟ್ ಗಾರೆ ಹಾಕಿ ಈಗಲೇ ಇಳಿಜಾರು ಸರಿ ಮಾಡಿಸಿ. ಬೋರ್ಡ್ ಕೂರುವುದು ಈ ಇಳಿಜಾರಿನ ಮೇಲೆಯೇ.

ಎರಡನೇ ಹಂತ: ವಾಟರ್‌ಪ್ರೂಫ್ ಕೋಟಿಂಗ್

ಬಿರುಕುಗಳನ್ನು ಉಳಿಯಿಂದ ಸ್ವಲ್ಪ ಅಗಲ ಮಾಡಿ, ದೂಳು ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿ. ಮಾಳಿಗೆ ಮತ್ತು ಪ್ಯಾರಾಪೆಟ್ ಸೇರುವ ಮೂಲೆಯಲ್ಲಿ ಚೂಪು ಕೋನ ಬಿಡಬೇಡಿ. ಅಲ್ಲಿ ಗಾರೆಯನ್ನು ದುಂಡಗೆ ತುಂಬಿಸಿ. ಕೋಟಿಂಗ್ ಚೂಪು ಮೂಲೆಯಲ್ಲೇ ಮೊದಲು ಸೀಳುವುದು.

ಪುಡಿ, ದ್ರವ ಎರಡನ್ನೂ ಕಲಸಿ ಬಳಿಯುವ ಸಿಮೆಂಟ್-ಪಾಲಿಮರ್ ಕೋಟಿಂಗ್ ಮನೆಯವರಿಗೆ ಸುಲಭ. ಬೆಳಗ್ಗೆ ಬೇಗ ಶುರು ಮಾಡಿ. ನೀರು ಚಿಮುಕಿಸಿ ಮೋಲ್ಡನ್ನು ತೇವ ಮಾಡಿಕೊಳ್ಳಿ, ನೀರು ನಿಂತಿರಬಾರದು. ಮೊದಲ ಕೋಟ್ ಉದ್ದಕ್ಕೆ ಬಳಿದರೆ, ಅದು ಒಣಗಿದ ಮೇಲೆ ಎರಡನೆಯದನ್ನು ಅಡ್ಡಕ್ಕೆ ಬಳಿಯಿರಿ. ಒಂದು ಕೋಟಿನಲ್ಲಿ ತಪ್ಪಿದ ಸಣ್ಣ ತೂತು ಇನ್ನೊಂದರಲ್ಲಿ ಮುಚ್ಚುತ್ತದೆ. ಮೂಲೆಗಳಲ್ಲಿ, ಪೈಪಿನ ಸುತ್ತ ಎರಡು ಕೋಟಿನ ನಡುವೆ ಫೈಬರ್ ಜಾಲರಿ ಒತ್ತಿ. ಪ್ಯಾರಾಪೆಟ್ ಗೋಡೆಗೆ 1 ಅಡಿ ಎತ್ತರಕ್ಕೆ ಏರಿಸಿ. 4 ಇಂಚು ಒಳಗೆ ಹೂತುಹೋದರೂ ಮೇಲೆ ಸಾಕಷ್ಟು ಉಳಿಯುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ದಿನ ಒಣಗಲು ಬಿಟ್ಟು ಇನ್ನೊಮ್ಮೆ ನೀರು ನಿಲ್ಲಿಸಿ ನೋಡಿ. ಬೆಂಕಿಯ ಜ್ವಾಲೆಯಿಂದ ಅಂಟಿಸುವ ಡಾಂಬರ್ ಹಾಳೆ ಹಾಕಿಸುವುದಾದರೆ ಅದೆಲ್ಲ ಮುಗಿದು ತಣ್ಣಗಾದ ಮೇಲೆಯೇ ಬೋರ್ಡ್ ಮಾಳಿಗೆಗೆ ಬರಲಿ.

ಒಂದು ಸಣ್ಣ ಸಂಗತಿ, ಬಹಳ ಮನೆಗಳಲ್ಲಿ ತಪ್ಪಿಹೋಗುವಂಥದ್ದು. ಮೇಲಿನ ಕಾಂಕ್ರೀಟಿನಿಂದ ಸ್ವಲ್ಪ ನೀರು ಹೇಗೂ ಕೆಳಗಿಳಿದು ಈ ಕೋಟಿಂಗ್ ಮೇಲೆ ಹರಿಯುತ್ತದೆ. ಆದ್ದರಿಂದ ನೀರಿನ ಪೈಪಿನ ಬಾಯಿ ಕೋಟಿಂಗ್ ಮಟ್ಟದಲ್ಲೇ ತೆರೆದಿರಬೇಕು. ಬಾಯಿಯನ್ನು 4 ಇಂಚು ಮೇಲಕ್ಕೆ ಎಬ್ಬಿಸಿಬಿಟ್ಟರೆ ಕೆಳಗೆ ನೀರು ಸಿಕ್ಕಿಕೊಂಡು ಬೋರ್ಡ್ ವರ್ಷವಿಡೀ ನೆನೆಯುತ್ತದೆ.

ಮೂರನೇ ಹಂತ: ಬೋರ್ಡ್ ಜೋಡಿಸುವುದು

ಪೂರ್ತಿ ನಿಮ್ಮ ಕೈಯಿಂದಲೇ ಆಗಬಹುದಾದ ಕೆಲಸ ಇದು. ಇಬ್ಬರಿದ್ದರೆ ಸಾಕು. ಸಂದಿ ಬಿಡದೆ ಕೂರಿಸುವ ತಾಳ್ಮೆ ಮನೆಯವರಿಗಿರುವಷ್ಟು ದಿನಗೂಲಿಯವರಿಗೆ ಇರುವುದು ಕಷ್ಟ.

ಪೈಪಿನಿಂದ ದೂರದ, ಎತ್ತರದ ಮೂಲೆಯಿಂದ ಶುರು ಮಾಡಿ. ನೂಲು ಕಟ್ಟಿ ಮೊದಲ ಸಾಲು ನೇರ ಮಾಡಿಕೊಳ್ಳಿ. ಎರಡನೇ ಸಾಲನ್ನು ಅರ್ಧ ಬೋರ್ಡಿನಿಂದ ಆರಂಭಿಸಿ. ಗೋಡೆಯ ಇಟ್ಟಿಗೆ ಹಾಗೆ ಒಂದು ಸಾಲಿನ ಸಂದಿ ಇನ್ನೊಂದರ ಎದುರು ಬರಬಾರದು. ಪ್ರತಿ ಬೋರ್ಡನ್ನೂ ಪಕ್ಕದ್ದಕ್ಕೆ ಒತ್ತಿ ಕೂರಿಸಿ. ಕೂರಿಸಿದ ಮೇಲೆ ನಾಲ್ಕೂ ಮೂಲೆಗೆ ಕಾಲಿನಿಂದ ತುಳಿದು ನೋಡಿ. ಎಲ್ಲಾದರೂ ಟಕಟಕ ಅಲುಗಾಡಿದರೆ ಎತ್ತಿ, ಕೆಳಗಿನ ಮರಳ ಕಣವನ್ನೋ ಸಿಮೆಂಟ್ ಗುಬ್ಬಿಯನ್ನೋ ತೆಗೆಯಿರಿ. ಅಲುಗಾಡುವ ಬೋರ್ಡಿನ ಮೇಲೆ ಹಾಕಿದ ಕಾಂಕ್ರೀಟ್ ಬಿರುಕು ಬಿಡದೆ ಇರುವುದಿಲ್ಲ.

ಕತ್ತರಿಸುವುದಕ್ಕೆ ಉದ್ದ ಅಲಗಿನ ಪೇಪರ್ ಕಟರ್ ಸಾಕು. ಅಲ್ಯೂಮಿನಿಯಂ ಪಟ್ಟಿ ಇಟ್ಟು ಅರ್ಧ ದಪ್ಪಕ್ಕೆ ಎರಡು ಸಲ ಗೀರಿ. ಗೀರಿದ ಸಾಲನ್ನು ಒಂದು ರೀಪಿನ ಅಂಚಿಗೆ ಸರಿಯಾಗಿ ಇಟ್ಟು ಕೈಯಿಂದ ಒತ್ತಿದರೆ ಟಕ್ಕನೆ ಮುರಿಯುತ್ತದೆ, ಅಂಚು ನೇರ ಬರುತ್ತದೆ. ಪೈಪಿನ ಸುತ್ತ ಕತ್ತರಿಸುವಾಗ ಮೊದಲು ರಟ್ಟಿನಲ್ಲಿ ಅಚ್ಚು ಮಾಡಿಕೊಳ್ಳಿ. ಟ್ಯಾಂಕ್ ಕಟ್ಟೆಗಳ ಸುತ್ತ ಉಳಿಯುವ ಸಣ್ಣ ಸಂದಿಗೆ ಸ್ಪ್ರೇ ಡಬ್ಬಿಯ ಪಿಯು ಫೋಮ್ ತುಂಬಿ. ಅದು ಉಬ್ಬಿ ಗಟ್ಟಿಯಾದ ಮೇಲೆ ಚಾಕುವಿನಿಂದ ಸಮ ಮಾಡಿ. ಬೆರಳು ತೂರುವಷ್ಟು ಸಂದಿ ಉಳಿದರೂ ಶಾಖಕ್ಕೆ ಅದೇ ದಾರಿ.

ದುರ್ಗದ ಗಾಳಿ ಹೇಗೆ ಅಂತ ಹೇಳಬೇಕಾಗಿಲ್ಲ, ಗುಡ್ಡಗಳ ಮೇಲಿನ ಗಾಳಿಯಂತ್ರಗಳೇ ಸಾಕ್ಷಿ. ಬೋರ್ಡ್ ಹಗುರ. ಕೂರಿಸಿದ ಸಾಲಿನ ಮೇಲೆ ಕೂಡಲೇ ಮರಳು ಚೀಲ ಇಡುತ್ತಾ ಹೋಗಿ. ಒಂದು ದಿನಕ್ಕೆ ಎಷ್ಟು ಮುಚ್ಚಲಾಗುತ್ತದೋ ಅಷ್ಟನ್ನೇ ಹಾಸಿ. ಮೇಲಿನ ಸಂದಿಗಳಿಗೆ ಅಗಲ ಟೇಪ್ ಅಂಟಿಸಿ, ಇಡೀ ಮಾಳಿಗೆಗೆ ನೀರು ಸೋಸಿ ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ತುಂಡು ಸೇರುವ ಕಡೆ ಒಂದರ ಮೇಲೊಂದು 6 ಇಂಚು ಬರಲಿ. ಸಿಮೆಂಟ್ ಹಾಲು ಸಂದಿಗಿಳಿಯದಂತೆ ಈ ಬಟ್ಟೆ ತಡೆಯುತ್ತದೆ.

ನಾಲ್ಕನೇ ಹಂತ: ಮೇಲಿನ ಕಾಂಕ್ರೀಟ್

ಇದಕ್ಕೆ ಗಾರೆಯವರನ್ನೇ ಕರೆಯಿರಿ, ನೀವು ಪಕ್ಕದಲ್ಲಿ ನಿಲ್ಲಿ. 1:2:4ರ ಮಿಶ್ರಣ (ಸಿಮೆಂಟ್, ಮರಳು, ಜಲ್ಲಿ), ಬೇಬಿ ಜಲ್ಲಿ, 2 ಇಂಚು ದಪ್ಪ. ತಂತಿ ಜಾಲರಿ ಕಾಂಕ್ರೀಟಿನ ನಡುವೆ ಬರಬೇಕು. ಬಟ್ಟೆಯ ಮೇಲೆ ಜಾಲರಿ ಹಾಸಿ ಅದರ ಮೇಲೆ ಸುರಿದರೆ ಅದು ತಳದಲ್ಲೇ ಉಳಿಯುತ್ತದೆ, ಪ್ರಯೋಜನವಿಲ್ಲ. ಅಲ್ಲಲ್ಲಿ 1 ಇಂಚಿನ ಸಿಮೆಂಟ್ ಬಿಲ್ಲೆ ಕೊಟ್ಟು ಎತ್ತಿ ನಿಲ್ಲಿಸಿ.

ಬೋರ್ಡಿನ ಮೇಲಿನ ಕಾಂಕ್ರೀಟ್ ಮಾಮೂಲಿ ಮಾಳಿಗೆಗಿಂತ ಹೆಚ್ಚು ಕಾಯುತ್ತದೆ, ಏಕೆಂದರೆ ಶಾಖ ಕೆಳಗಿಳಿಯಲು ದಾರಿ ಇಲ್ಲ. ಹೆಚ್ಚು ಕಾದರೆ ಹೆಚ್ಚು ಹಿಗ್ಗುತ್ತದೆ. ಅದಕ್ಕೇ 8ರಿಂದ 10 ಅಡಿಗೊಂದು ಸಂದಿ ಬಿಟ್ಟು ಚೌಕ ಚೌಕವಾಗಿ ಹಾಕಿಸಿ. ಪ್ಯಾರಾಪೆಟ್ ಸುತ್ತ ಅರ್ಧ ಇಂಚು ಸಂದಿ ಬಿಡಿಸಿ, ಆಮೇಲೆ ಅದಕ್ಕೆ ಹಿಗ್ಗುವ ಸೀಲೆಂಟ್ ತುಂಬಿ. ಸಂದಿ ಇಲ್ಲದೆ ಒಂದೇ ಹಾಸಿನಲ್ಲಿ ಹಾಕಿದರೆ ಮೊದಲ ಬೇಸಿಗೆಯಲ್ಲೇ ಸೀಳು ಕಾಣುತ್ತದೆ, ಇಲ್ಲವೇ ಪ್ಯಾರಾಪೆಟ್ ಗೋಡೆಯನ್ನೇ ಹೊರಗೆ ತಳ್ಳುತ್ತದೆ.

ಕ್ಯೂರಿಂಗ್ 7 ದಿನವಾದರೂ ಬೇಕು. ಒದ್ದೆ ಗೋಣಿಚೀಲ ಹೊದಿಸಿಟ್ಟರೆ ನೀರು ಕಡಿಮೆ ಸಾಕು.

ಐದನೇ ಹಂತ: ಬಿಳಿ ಮಾಡುವುದು

ಬೂದು ಕಾಂಕ್ರೀಟ್ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಬಹುಪಾಲನ್ನು ನುಂಗುತ್ತದೆ. ಒಳ್ಳೆಯ ಬಿಳಿ ಕೂಲ್ ರೂಫ್ ಪೇಂಟ್ ಹೊಸದಾಗಿದ್ದಾಗ ಮುಕ್ಕಾಲು ಭಾಗದಷ್ಟನ್ನು ವಾಪಸ್ ಕಳಿಸುತ್ತದೆ. ಬಿಳಿ ಟೈಲ್ಸ್ ಚೂರು ಅಂಟಿಸುವ ಚೈನಾ ಮೊಸಾಯಿಕ್ ಇನ್ನೂ ಗಟ್ಟಿಮುಟ್ಟು, ಹೆಚ್ಚು ವರ್ಷ ಬರುತ್ತದೆ. ಹಪ್ಪಳ ಸಂಡಿಗೆ ಒಣಗಿಸುವವರಿಗೂ ಅನುಕೂಲ. ಪೇಂಟಾದರೆ ದೂಳಿನಿಂದ ಮಂಕಾಗುತ್ತದೆ. ವರ್ಷಕ್ಕೊಮ್ಮೆ, ಶಿವರಾತ್ರಿ ಹೊತ್ತಿಗೆ, ಪೊರಕೆ ಹಿಡಿದು ತೊಳೆಯಿರಿ.

ಬೋರ್ಡಿಗೆ ಈ ವರ್ಷ ದುಡ್ಡು ಸಾಲದಿದ್ದರೆ ಮಾಳಿಗೆಗೆ ಬಿಳಿ ಬಳಿಯುವುದೊಂದನ್ನಾದರೂ ಮಾಡಿ. ಸುಣ್ಣ ಬಳಿದರೂ ಆಯಿತು.

ಒಳಗಿನಿಂದ ಮಾಡುವುದಾದರೆ

ಸಾಮಾನು: ಕಲಾಯಿ ತಗಡಿನ ಚಾನೆಲ್‌ಗಳು, 12.5 ಮಿಲಿಮೀಟರ್ ಜಿಪ್ಸಮ್ ಬೋರ್ಡ್, 50 ಮಿಲಿಮೀಟರ್ ರಾಕ್ ವುಲ್. ಗ್ಲಾಸ್ ವುಲ್ ಕೂಡ ಆಗುತ್ತದೆ. ಥರ್ಮೋಕೋಲನ್ನಾಗಲೀ ಎಕ್ಸ್‌ಪಿಎಸ್ ಬೋರ್ಡನ್ನಾಗಲೀ ಒಳ ಛಾವಣಿಗೆ ಅಂಟಿಸಿ ಹಾಗೇ ಬಿಡಬೇಡಿ. ಬೆಂಕಿ ಬಿದ್ದರೆ ಅದರ ಹೊಗೆಯೇ ಪ್ರಾಣಕ್ಕೆ ಕುತ್ತು. ರಾಕ್ ವುಲ್ ಕಲ್ಲು ಕರಗಿಸಿ ಮಾಡಿದ್ದು, ಬೆಂಕಿಗೆ ಹತ್ತುವುದಿಲ್ಲ.

ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡಿ ಶುರು ಮಾಡಿ. ವೈರಿಂಗ್ ಎಲ್ಲ ಪೈಪಿನೊಳಗೆ ಇರಲಿ. ವೈರ್ ಜೋಡಣೆಯ ಡಬ್ಬಿ ಉಣ್ಣೆಯೊಳಗೆ ಹೂತುಹೋಗದೆ, ಬಿಚ್ಚಿ ನೋಡುವ ಹಾಗಿರಲಿ. ಫ್ಯಾನ್ ಮೋಲ್ಡಿನ ಹುಕ್ಕಿಗೇ ತೂಗಬೇಕು, ಉದ್ದ ರಾಡ್ ಹಾಕಿಸಿ. ಲೆವೆಲ್ ಪೈಪಿನಿಂದ ನಾಲ್ಕೂ ಗೋಡೆಗೆ ಗುರುತು ಹಾಕಿ ಸುತ್ತಿನ ಚಾನೆಲ್ ಹೊಡೆಯಿರಿ. ಮೋಲ್ಡಿನಿಂದ 4 ಅಡಿಗೊಂದು ಚಾನೆಲ್ ತೂಗಿಸಿ, ಅದರ ಕೆಳಗೆ ಅಡ್ಡವಾಗಿ ಒಂದೂವರೆ ಅಡಿಗೊಂದು ಚಾನೆಲ್ ಕಟ್ಟಿ. ಜಿಪ್ಸಮ್ ಬೋರ್ಡನ್ನು ಒಂದು ಕಡೆಯಿಂದ ಹಾಕುತ್ತಾ, ಪ್ರತಿ ಬೋರ್ಡಿನ ಮೇಲೆ ಉಣ್ಣೆ ಹಾಸುತ್ತಾ ಹೋಗಿ.

ಉಣ್ಣೆಯನ್ನು ಒತ್ತಿ ತುರುಕಬೇಡಿ. ಶಾಖ ತಡೆಯುವುದು ಅದರೊಳಗೆ ಸಿಕ್ಕ ಗಾಳಿ. 50 ಮಿಲಿಮೀಟರ್ ಉಣ್ಣೆಯನ್ನು 25ಕ್ಕೆ ಅಮುಕಿದರೆ ಅರ್ಧ ಕೆಲಸವನ್ನೂ ಅಮುಕಿದ ಹಾಗೆ. ಸೀಲಿಂಗಿನೊಳಗೆ ಕೂರಿಸುವ ಗುಂಡಿ ಲೈಟುಗಳ ಮೇಲೆ ಉಣ್ಣೆ ಮುಚ್ಚಬೇಡಿ, ಸುತ್ತ ಜಾಗ ಬಿಡಿ. ಮುಚ್ಚಿದರೆ ಅವು ಕಾದು ಬೇಗ ಸುಟ್ಟುಹೋಗುತ್ತವೆ.

ಮೈತುಂಬ ಅಂಗಿ, ಕೈಗವಸು, ಕನ್ನಡಕ, ಎನ್95 ಮಾಸ್ಕ್ ಬೇಕೇ ಬೇಕು. ನವೆ ಶುರುವಾದರೆ ಉಜ್ಜಬೇಡಿ, ಮೊದಲು ತಣ್ಣೀರು ಸುರಿದುಕೊಳ್ಳಿ. ಆ ಬಟ್ಟೆಗಳನ್ನು ಮನೆಯವರ ಬಟ್ಟೆ ಜೊತೆ ಒಗೆಯಬೇಡಿ.

ತಗಡಿನ ಶೀಟಿನ ಅಟ್ಟ

ದಾವಣಗೆರೆ, ದುರ್ಗ ಎರಡೂ ಕಡೆ ಈಗ ಮಾಳಿಗೆ ಮೇಲೆ ಬಣ್ಣದ ತಗಡಿನ ಶೀಟ್ ಹೊದಿಸುವುದು ಜಾಸ್ತಿಯಾಗಿದೆ. ಕೆಲವರು ಅದರ ಕೆಳಗೆ ಹಲಗೆಯದೋ ಸಿಮೆಂಟ್ ಬೋರ್ಡಿನದೋ ಸೀಲಿಂಗ್ ಮಾಡಿಸಿ ಕೋಣೆ ಮಾಡಿಕೊಳ್ಳುತ್ತಾರೆ. ನಡುವೆ ಉಳಿಯುವ ಅಟ್ಟ ಹಗಲಲ್ಲಿ ಕೈಯಿಟ್ಟರೆ ಸುಡುವಷ್ಟು ಕಾಯುತ್ತದೆ. ಇಲ್ಲಿ ಕೆಲಸ ಬೆಳಗ್ಗೆ ಹತ್ತರೊಳಗೆ ಮುಗಿಸಬೇಕು, ಒಬ್ಬರೇ ಹತ್ತಬೇಡಿ. ತುಳಿಯುವುದು ತೊಲೆಗಳ ಮೇಲೆ ಮಾತ್ರ, ಅವುಗಳಿಗೆ ಅಡ್ಡವಾಗಿ ಒಂದು ಗಟ್ಟಿ ಹಲಗೆ ಹಾಕಿಕೊಂಡು ಕೂತು ಮಾಡಿ.

ಕಾದ ತಗಡು ಶಾಖವನ್ನು ಕಿರಣವಾಗಿ ಕೆಳಗೆ ಸೂಸುತ್ತದೆ. ಅದನ್ನು ತಡೆಯುವುದು ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ ಬಬಲ್ ಶೀಟ್. ಅದನ್ನು ತಗಡಿಗೆ ನೇರ ಅಂಟಿಸಬೇಡಿ. ನಡುವೆ 1 ಇಂಚಾದರೂ ಗಾಳಿ ಇರಬೇಕು, ಅದಕ್ಕೆ ತಗಡನ್ನು ಹೊತ್ತಿರುವ ಪರ್ಲಿನ್ ಕಂಬಿಗಳ ಕೆಳಮುಖಕ್ಕೆ ಬಿಗಿಯಿರಿ. ಒಂದೇ ಕಡೆ ಹೊಳಪಿದ್ದರೆ ಹೊಳೆಯುವ ಮುಖ ಕೆಳಗೆ, ಅಟ್ಟದ ಕಡೆಗೆ ಇರಲಿ. ಮೇಲ್ಮುಖವಾಗಿದ್ದರೆ ದೂಳು ಕೂತು ಬೇಗ ಮಂಕಾಗುತ್ತದೆ. ಫಾಯಿಲಿನಲ್ಲಿ ಕರೆಂಟ್ ಹರಿಯುತ್ತದೆ. ಮೊಳೆಯೋ ಸ್ಕ್ರೂವೋ ವೈರಿಗೆ ತಾಗಿದರೆ ಇಡೀ ಹಾಳೆ ಶಾಕ್ ಹೊಡೆಯುತ್ತದೆ. ಇಲ್ಲಿಯೂ ಮೊದಲು ಮೇನ್ ಆಫ್.

ಆಮೇಲೆ ಸೀಲಿಂಗ್ ಮೇಲೆ ಉಣ್ಣೆ. ಹತ್ತುವ ಬಾಗಿಲಿನಿಂದ ಅತಿ ದೂರದ ಮೂಲೆಯಿಂದ ಶುರು ಮಾಡಿ ಬಾಗಿಲ ಕಡೆ ಬನ್ನಿ. ಮೊದಲ 50 ಮಿಲಿಮೀಟರ್ ಪದರ ತೊಲೆಗಳ ನಡುವೆ, ಎರಡನೆಯದು ತೊಲೆಗಳನ್ನು ಮುಚ್ಚುವಂತೆ ಅಡ್ಡಕ್ಕೆ. ಹತ್ತುವ ಬಾಗಿಲಿನ ಹಲಗೆಯ ಬೆನ್ನಿಗೂ ಒಂದು ತುಂಡು ಅಂಟಿಸಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಅಟ್ಟಕ್ಕೆ ಗಾಳಿ ಬೇಕು. ಸೂರಿನ ಅಂಚಿನಿಂದ ಗಾಳಿ ಒಳಬಂದು ಮೇಲಿನ ತುದಿಯಿಂದ ಹೊರಹೋಗಬೇಕು. ಆದ್ದರಿಂದ ಉಣ್ಣೆಯಿಂದ ಅಂಚು ಮುಚ್ಚಬೇಡಿ, 2 ಇಂಚು ಬಿಡಿ. ಎದುರುಬದುರು ಗೋಡೆಯಲ್ಲಿ ಜಾಲಂಧ್ರ ಇಟ್ಟರೆ ಸಾಕು, ಗಾಳಿಗೆ ತಿರುಗುವ ಟರ್ಬೊ ವೆಂಟಿಲೇಟರ್ ಕೂರಿಸಿದರೆ ಇನ್ನೂ ಒಳ್ಳೆಯದು. ತೆರೆದ ಕಡೆಗಳಿಗೆಲ್ಲ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆಯಿರಿ. ಇಲ್ಲದಿದ್ದರೆ ಇಲಿ, ಅಳಿಲು, ಪಾರಿವಾಳ ಉಣ್ಣೆಯನ್ನು ಕಿತ್ತು ಗೂಡು ಮಾಡಿಕೊಳ್ಳುತ್ತವೆ.

ಮುಗಿದ ಮೇಲೆ

ಮೊದಲ ಬೇಸಿಗೆಯಲ್ಲಿ ಒಂದು ಅಳತೆ ತೆಗೆದಿಟ್ಟುಕೊಳ್ಳಿ. ಗುರಿ ಇಟ್ಟು ಶಾಖ ಓದುವ ಇನ್ಫ್ರಾರೆಡ್ ಥರ್ಮಾಮೀಟರ್ ಸಾಕು. ಮಧ್ಯಾಹ್ನ ನಾಲ್ಕಕ್ಕೆ, ರಾತ್ರಿ ಹತ್ತಕ್ಕೆ ಒಳ ಛಾವಣಿಯ ಎಲ್ಲ ಕಡೆ ಗುರಿ ಇಟ್ಟು ನೋಡಿ. ಒಂದು ಜಾಗ ಮಾತ್ರ ಬೇರೆಡೆಗಿಂತ ಬಿಸಿ ತೋರಿಸಿದರೆ ಅಲ್ಲಿ ಸಂದಿ ಉಳಿದಿದೆ, ಇಲ್ಲವೇ ಬೋರ್ಡ್ ಇಲ್ಲದೆ ಕಾಂಕ್ರೀಟಿನ ಮೂಲಕವೇ ಶಾಖ ನೇರ ಕೆಳಗಿಳಿಯುತ್ತಿದೆ. ಟ್ಯಾಂಕ್ ಕಟ್ಟೆಯ ಕೆಳಗೆ ಹೀಗಾಗುವುದು ಸಹಜ.

ಮಾಳಿಗೆಯ ಶಾಖ ತಡೆದರೂ ಪಶ್ಚಿಮದ ಗೋಡೆ, ಕಿಟಕಿ, ಒಲೆಯಿಂದ ಬರುವುದು ಇದ್ದೇ ಇರುತ್ತದೆ. ಹಗಲು ಒಳಗೆ ಸೇರಿದ ಈ ಕಾವು ಮೊದಲಿನ ಹಾಗೆ ಮಾಳಿಗೆಯ ಮೂಲಕ ಸುಲಭವಾಗಿ ಹೊರಹೋಗಲಾರದು. ಬೋರ್ಡ್ ಎರಡೂ ಕಡೆಗೆ ತಡೆಯೇ. ಹಾಗಾಗಿ ಹಗಲು ಹನ್ನೊಂದರಿಂದ ಕಿಟಕಿ ಮುಚ್ಚಿ ಪರದೆ ಎಳೆಯಿರಿ. ಹೊರಗೆ ಒಳಗಿಗಿಂತ ತಂಪಾದ ಮೇಲೆ, ಬಹುಶಃ ರಾತ್ರಿ ಎಂಟರ ನಂತರ, ಎಲ್ಲವನ್ನೂ ತೆರೆಯಿರಿ. ಮೆಟ್ಟಿಲ ಕೋಣೆಯ ಬಾಗಿಲಿಗೆ ಬೀಗ ಹಾಕುವ ಜಾಲರಿ ಬಾಗಿಲು ಕೂರಿಸಿ ರಾತ್ರಿಯಿಡೀ ಗಾಳಿಗೆ ಬಿಡಿ. ಬಿಸಿಗಾಳಿ ಮೆಟ್ಟಿಲ ದಾರಿಯಲ್ಲಿ ಮೇಲೇರಿ ಹೊರಹೋಗುತ್ತದೆ, ಕಿಟಕಿಗಳಿಂದ ತಂಗಾಳಿ ಒಳಬರುತ್ತದೆ. ಜಾಲರಿ ಗಟ್ಟಿಯಾದದ್ದೇ ಇರಲಿ, ನಮ್ಮೂರಿನ ಕೋತಿಗಳಿಗೆ ತೆಳು ಸೊಳ್ಳೆ ಪರದೆ ಲೆಕ್ಕಕ್ಕಿಲ್ಲ.